ಎಂಟನೆಯ ಜಾವ

ನಾನು ಕಾಗೆಯನ್ನು ನಂಬುವವಳಲ್ಲ. ನಮ್ಮಪ್ಪ ನಾಗೇಂದ್ರಪ್ಪ ಬಸ್ ಕಂಡಕ್ಟರಾಗಿದ್ದಾಗಲೇ ದೀಕ್ಷೆ ತೆಗೆದುಕೊಂಡು, ಗೋಡೆಯ ಮೇಲಿದ್ದ ದೇವರ ಫೋಟೊಗಳನ್ನೆಲ್ಲ ಇಳಿಸಿ ಬುದ್ಧನನ್ನು ಏರಿಸಿದವರು. ನಮ್ಮ ಮನೆಯಲ್ಲಿ ಕಾಗೆ ಅಂದರೆ ಒಣಹಾಕಿದ ಸಂಡಿಗೆ ಕದಿಯುವ ಹಕ್ಕಿ, ಅಷ್ಟೇ. ಹೀಗಿದ್ದೂ ಕೊಟ್ರಸ್ವಾಮಿ ಸತ್ತ ಮೂರನೆಯ ದಿನ, ಕೊಟ್ಟೂರಿನ ರುದ್ರಭೂಮಿಯಲ್ಲಿ ನಿಂತು ಒಂದು ಕಾಗೆಗಾಗಿ ಒಂದೂವರೆ ಗಂಟೆ ಕಾದೆ. ಅದು ಬಂತು. ಆದರೆ ನನ್ನ ಮಾತಿಗೆ ಬರಲಿಲ್ಲ. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಅವತ್ತು ಹಾಲು-ತುಪ್ಪದ ದಿನ. ಹಸಿ ಮಣ್ಣಿನ ಗೋರಿಯ ಮೇಲೆ ಬಾಳೆಲೆ ಹಾಸಿ ಅವನಿಗೆ ಸೇರುತ್ತಿದ್ದದ್ದನ್ನೆಲ್ಲ ಬಡಿಸಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಶೇಂಗಾ ಹೋಳಿಗೆ, ಪಕ್ಕದಲ್ಲಿ ಅವನದೇ ಸ್ಟೀಲ್ ಲೋಟದಲ್ಲಿ ಚಹಾ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಲಿಂಗೈಕ್ಯನಾದವನಿಗೆ ಎಂಥ ಆಸೆ ಎಂದು ಬಲ್ಲವರು ಹೇಳುತ್ತಾರಂತೆ, ಆದರೆ ಕಾಗೆ ಮುಟ್ಟದೆ ಆ ಬಲ್ಲವರೂ ಮನೆಗೆ ಹೋಗುವುದಿಲ್ಲ. ಆಗ ನೆಂಟರು ಒಬ್ಬೊಬ್ಬರಾಗಿ ಗೋರಿಯ ಮುಂದೆ ಬಂದು, ಆ ಆಸೆ ಏನಿರಬಹುದೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡುತ್ತಾರೆ. ಊಹೆ ಸರಿಯಿದ್ದರೆ ಕಾಗೆ ಇಳಿಯುತ್ತದೆ.

ಕಾಗೆ ಬೇವಿನ ಮರದ ಮೇಲೆ ಕೂತಿತ್ತು. ಅವನ ಸೋದರಮಾವ ಹಾಲೇಶಪ್ಪನವರು ಮೊದಲು ಬಂದರು.

“ಕೊಟ್ರಾ, ನಿಮ್ಮವ್ವನ್ನ ನಾ ನೋಡ್ಕೊಂತೀನಿ. ಚಿಂತಿ ಮಾಡಬ್ಯಾಡ.”

ಕಾಗೆ ಅಲುಗಲಿಲ್ಲ. ತಂಗಿ ಗೀತಾಂಜಲಿಯ ಮದುವೆ ಮಾಡುತ್ತೇವೆ ಎಂದರು, ಇಲ್ಲ. ಶಾಮಿಯಾನದ ಅಂಗಡಿ ಮುಚ್ಚುವುದಿಲ್ಲ ಎಂದರು, ಇಲ್ಲ. ಯಾರೋ ಗೆಳೆಯ ಕೊಟ್ರನ ತಾಯಿಯ ಕಡೆ ಕಳ್ಳನೋಟ ನೋಡುತ್ತ ಒಂದು ಸಿಗರೇಟು ಹಚ್ಚಿ ಎಲೆಯ ಅಂಚಿಗೆ ಇಟ್ಟ. ಅದೂ ಸುಟ್ಟು ಬೂದಿಯಾಯಿತು.

ನಾನು ಮತ್ತು ನನ್ನ ತಮ್ಮ ತಿಪ್ಪೇಶ ಗೇಟಿನ ಹತ್ತಿರ ನಿಂತಿದ್ದೆವು. ಅಲ್ಲೇ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಮುಂದೆ ಬನ್ನಿ ಎಂದೂ ಯಾರೂ ಹೇಳಲಿಲ್ಲ. ಬಿಸಿಲು ಏರುತ್ತಿತ್ತು. ನನಗೆ ಅವನ ಆಸೆ ಏನೆಂದು ಗೊತ್ತಿದೆ ಅನ್ನಿಸಿತು. ಅಷ್ಟು ಜನರೆದುರು ಬಾಯಿ ಬಿಡಲು ಆಗದೆ ಮನಸ್ಸಿನಲ್ಲೇ ಹೇಳಿದೆ: ಕೊಟ್ರಾ, ನೀ ಕೇಳಬೇಕು ಅಂದಿದ್ದ ಮಾತಿಗೆ ನಾ ಹೂಂ ಅಂತೀನಿ. ಕಾಗೆ ಕೊಂಬೆಗೆ ಕೊಕ್ಕು ಉಜ್ಜಿಕೊಂಡು ಆ ಕಡೆ ತಿರುಗಿತು.

ಆಗ ಬಸವೇಶ್ ಮುಂದೆ ಹೋದ. ಅವನು ನಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುವವನು, ಉಳಿದ ಹೊತ್ತಿನಲ್ಲಿ ಬೀಜ-ಗೊಬ್ಬರದ ಅಂಗಡಿಯವನು. ಕಣ್ಣೊರೆಸಿಕೊಂಡು ದೊಡ್ಡ ಗಂಟಲಿನಲ್ಲಿ ಹೇಳಿದ: “ಲೇ ಕೊಟ್ರಾ, ಆಲ್ಬಮ್ಮು ಮುಗಸ್ತೀವಿ. ಎಂಟೂ ಹಾಡು ಮುಗಸ್ತೀವಿ. ಆಣಿ ಐತಿ.”

ಕಾಗೆ ನೆಟ್ಟಗೆ ಇಳಿದು ಬಂದು ಮೆಣಸಿನಕಾಯಿ ಕಚ್ಚಿಕೊಂಡಿತು. ಜನರೆಲ್ಲ ಉಸಿರು ಬಿಟ್ಟರು. “ಅದೇನಪಾ ಅದು, ಆಲ್ಬಮ್ಮು?” ಎಂದು ಹಾಲೇಶಪ್ಪನವರು ಕೇಳುತ್ತಿದ್ದರು. ನಾನು ಗೇಟಿನ ಕಂಬಿ ಹಿಡಿದುಕೊಂಡೆ. ಒಂದು ಆಲ್ಬಮ್ಮಿನ ಮುಂದೆ ಸೋತಿದ್ದೆ.

ಅದೇನೆಂದು ಈಗ ಹೇಳುತ್ತೇನೆ. ನಾನು ಕಾನಹೊಸಹಳ್ಳಿ ಹೋಬಳಿಯಲ್ಲಿ ಗ್ರಾಮ ಆಡಳಿತ ಅಧಿಕಾರಿ. ಜನ ಈಗಲೂ ಲೆಕ್ಕಿಗರ ಮೇಡಂ ಅನ್ನುತ್ತಾರೆ. ಐದು ವರ್ಷದ ಹಿಂದೆ ಪಹಣಿ ತಿದ್ದುಪಡಿಗೆಂದು ಕೊಟ್ರಸ್ವಾಮಿ ನನ್ನ ಮೇಜಿನ ಮುಂದೆ ಬಂದು ನಿಂತಾಗ, ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ತಲೆಬುರುಡೆ. ಆ ಕರಿ ಟೀ ಶರ್ಟಿನ ಮೇಲೆ ಅಚ್ಚಾಗಿದ್ದ ತಲೆಬುರುಡೆ ಯಾವ ಬ್ಯಾಂಡಿನದೆಂದು ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿದ್ದಾಗ ತಿಪ್ಪೇಶ ಹಚ್ಚಿಸಿದ ಹುಚ್ಚು ಅದು. ನಾನು ಅವರ ಹಾಡೊಂದರ ಹೆಸರು ಹೇಳಿದೆ. ಅವನು ಪಹಣಿ ಮರೆತು ಅಲ್ಲೇ ಕೂತ. ಹೀಗೆ ನಾವು ನಾಲ್ಕು ಜನ ಸೇರಿದೆವು. ಅವನು ಗಿಟಾರು ಮತ್ತು ಗಂಡು ದನಿ, ಬಸವೇಶ್ ಬೇಸು, ತಿಪ್ಪೇಶ ಡ್ರಮ್ಮು, ನಾನು ಹೆಣ್ಣು ದನಿ. ಅಲ್ಲಿಯವರೆಗೆ ನಾನು ಹಾಡಿದ್ದು ಏಪ್ರಿಲ್ ಹದಿನಾಲ್ಕರ ಕಾರ್ಯಕ್ರಮಗಳಲ್ಲಿ ಮಾತ್ರ.

ನಮ್ಮದು ಡೂಮ್ ಮೆಟಲ್ ಎಂಬ ಭಾರವಾದ ರಾಕ್ ಸಂಗೀತ, ಅದರಲ್ಲೂ ಗಾಥಿಕ್ ಎಂಬ ಬಗೆ. ಒಂದೊಂದು ಹಾಡು ಹನ್ನೆರಡು ನಿಮಿಷ. ಗಿಟಾರು ಎಮ್ಮೆ ಕೆರೆಯಿಂದ ಮೇಲೇಳುವಷ್ಟು ನಿಧಾನ. ಗಂಡಸು ಗಂಟಲಾಳದಿಂದ ಗುರುಗುಟ್ಟಬೇಕು, ಹೆಂಗಸು ಅದರ ಮೇಲೆ ತೆಳ್ಳಗೆ ಹಾಡಬೇಕು. ಸಾವು, ಹಾಳುಬಿದ್ದ ಮನೆ, ಕಾಯುವುದು, ಇಂಥವೇ ವಿಷಯ. ಊರಿನಲ್ಲಿ ಇದನ್ನು ಕೇಳುವವರು ಯಾರೂ ಇರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ತಾಲೀಮು ಕೊಟ್ರನ ಶಾಮಿಯಾನದ ಗೋಡೌನಿನಲ್ಲಿ, ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ನಡುವೆ. ಸೌಂಡ್ ಸಿಸ್ಟಮ್ಮೂ ಅವನದೇ. ಆದರೆ ಮದುವೆ ಸೀಜನ್ನಿನಲ್ಲಿ ಅದು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಹಾಗಾಗಿ ಮದುವೆ-ಮುಂಜಿ ನಡೆಯದ ತಿಂಗಳುಗಳೇ ನಮ್ಮವು. ಆಷಾಢ ಒಂದು, ಧನುರ್ಮಾಸ ಒಂದು. ಒಳ್ಳೆಯ ಕೆಲಸಕ್ಕೆ ಆಗದ ಕಾಲದಲ್ಲಿ ಮಾತ್ರ ಬಾರಿಸುವ ಬ್ಯಾಂಡು ಎಂದು ಕೊಟ್ರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಒಂದು ಆಲ್ಬಮ್ಮಿಗೆ ಮೂರು ವರ್ಷ ಹಿಡಿದದ್ದು ಹೀಗೆ.

ಬ್ಯಾಂಡಿನ ಹೆಸರು ಬೇಚರಾಕ್. ಅದು ನನ್ನ ಕಚೇರಿಯ ಮಾತು. ದಾಖಲೆಯಲ್ಲಿ ಊರಿರುತ್ತದೆ, ಗಡಿ ಇರುತ್ತದೆ, ಸರ್ವೆ ನಂಬರೂ ಇರುತ್ತದೆ, ಜನ ಮಾತ್ರ ಇರುವುದಿಲ್ಲ. ಅಂಥ ಊರಿಗೆ ಬೇಚರಾಕ್ ಗ್ರಾಮ ಎನ್ನುತ್ತಾರೆ. ನನ್ನ ವೃತ್ತದಲ್ಲಿ ಕೆಂಚನಾಳು ಎಂಬುದೊಂದಿದೆ. ಒಂದು ಸಲ ಕೊಟ್ರನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಒಂದು ಹಾಳುಬಾವಿ, ಒಂದು ಹುಣಸೆಮರ, ಹೊಸ್ತಿಲಷ್ಟೇ ಉಳಿದ ಮನೆಗಳು. ಅವನು ಒಂದು ಹೊಸ್ತಿಲ ಮೇಲೆ ಕೂತು, ಪ್ಲೇಗಿಗೆ ಹೆದರಿ ಊರು ಬಿಟ್ಟವರಲ್ಲಿ ಒಬ್ಬಳು ಹೋಗದೆ ಉಳಿದಿದ್ದರೆ, ಎಂದ. ಗಂಡ ಬರುತ್ತೇನೆಂದು ಹೇಳಿ ಹೋಗಿದ್ದಾನೆ, ಅವಳು ದೀಪ ಹಚ್ಚಿಕೊಂಡು ಕಾಯುತ್ತಾಳೆ. ಒಂದು ಹಗಲು, ಒಂದು ರಾತ್ರಿ, ಎಂಟು ಜಾವ, ಎಂಟು ಹಾಡು. ನಮ್ಮ ಆಲ್ಬಮ್ಮು ಅಲ್ಲಿ ಹುಟ್ಟಿತು. ನನಗೆ ಅವನ ಮೇಲೆ ಮನಸ್ಸಾದದ್ದೂ ಅಲ್ಲೇ, ಅದನ್ನು ಮುಚ್ಚಿಟ್ಟು ಏನಾಗಬೇಕಿದೆ.

ಏಳು ಹಾಡಿನ ರೆಕಾರ್ಡಿಂಗ್ ಮುಗಿದಿತ್ತು. ಎಂಟನೆಯದರಲ್ಲಿ ಅವನ ಗಿಟಾರೂ ಅವನ ದನಿಯೂ ಮುಗಿದಿದ್ದವು. ಕೊನೆಯ ಎರಡು ನಿಮಿಷ ನನಗೆ ಬಿಟ್ಟಿದ್ದ. ಅದಕ್ಕೆ ಸಾಹಿತ್ಯ ಬರೆದಿರಲಿಲ್ಲ.

“ಆಕಿ ದೀಪ ಆರಸ್ತಾಳೋ, ಹಂಗ ಕಾಯ್ತಾಳೋ, ಅದನ್ನ ನೀನ ಹೇಳು. ನಾ ಗಂಡಸು, ನನಗೇನು ಗೊತ್ತಾಕ್ಕೈತಿ,” ಎಂದಿದ್ದ.

ಅದಾಗಿ ಮೇ ತಿಂಗಳ ಒಂದು ಮಧ್ಯಾಹ್ನ, ಹಡಗಲಿ ಕಡೆ ಮದುವೆಯೊಂದಕ್ಕೆ ಟೆಂಪೊದಲ್ಲಿ ಕುರ್ಚಿ ಹೇರಿಸುತ್ತಿದ್ದವನು ನನ್ನನ್ನು ಕಂಡು ಕೆಳಗಿಳಿದ.

“ಲೆಕ್ಕಿಗರ ಮೇಡಂ, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು.”

“ಕೇಳು.”

ಅವನು ಕುರ್ಚಿ ಹೊರುವವರ ಕಡೆ ನೋಡಿದ. ತನ್ನವ್ವ ಕೂತಿದ್ದ ಕಟ್ಟೆಯ ಕಡೆ ನೋಡಿದ. “ಇಲ್ಲಿ ಬ್ಯಾಡ,” ಎಂದ.

ನಾನು ನಕ್ಕೆ. “ಹಂಗಾರ ಆಷಾಢ ಬರ್ಲಿ. ಗೋಡೌನಿನಾಗ ಕುಂತು ಕೇಳಿಯಂತ.”

ಎಷ್ಟು ಧಿಮಾಕಿನಿಂದ ಹೇಳಿದೆ. ಆಷಾಢಕ್ಕೆ ಎಂಟು ದಿನ ಇರುವಾಗ, ಸ್ಪೀಕರು ಇಳಿಸಿ ಬರುತ್ತಿದ್ದ ಅವನ ಟೆಂಪೊ ಹೆದ್ದಾರಿಯಲ್ಲಿ ಮಗುಚಿತು. ಅವನು ಕೇಳಬೇಕೆಂದಿದ್ದ ಮಾತು ನಾನು ಅಂದುಕೊಂಡದ್ದೇ ಇರಬಹುದು. ಹೊಸ ಮೈಕು ತರೋಣವೇ ಎಂದು ಕೇಳುವವನೂ ಇದ್ದಿರಬಹುದು. ಇದನ್ನು ನಾನು ದಿನಕ್ಕೆ ನಾಲ್ಕು ಸಲ ತಿರುವಿ ಹಾಕುತ್ತೇನೆ.

ಕಾಗೆಯ ಮುಂದೆ ಕೊಟ್ಟ ಮಾತನ್ನು ಬಸವೇಶ್ ಮರೆತರೂ ಕೊಟ್ರನ ತಾಯಿ ಅನ್ನದಾನಮ್ಮನವರು ಮರೆಯಲಿಲ್ಲ. ಹನ್ನೊಂದನೆಯ ದಿನ ಮುಗಿದ ಮರುದಿನವೇ ತಾವೇ ಬಂದು ಗೋಡೌನಿನ ಬೀಗ ತೆಗೆದರು. ಆಷಾಢವಿಡೀ ನಮ್ಮನ್ನು ಕರೆಸಿಕೊಂಡು, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ರೊಟ್ಟಿ, ಶೇಂಗಾ ಚಟ್ನಿ, ಪೇಪರ್ ಕಪ್ಪಿನಲ್ಲಿ ಚಹಾ. ಮೊದಲ ದಿನ ಬಸವೇಶ್ ಕೊಟ್ರನ ದನಿ ಹಾಕಿ ಕೇಳಿಸಿದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ಕೊನೆಯವರೆಗೆ ಕೇಳಿದರು.

“ಯಾಕಪ್ಪ ಹಿಂಗ ಗುರುಗುಟ್ಯಾನ? ಗಂಟ್ಲು ಕಟ್ಟಿತ್ತೇನು?”

“ಇಲ್ರಿ ಅಮ್ಮ, ಈ ಹಾಡು ಹಿಂಗ ಹಾಡೋದು.”

“ಮನಿಯಾಗ ಎಷ್ಟು ಮೆತ್ತಗ ಮಾತಾಡ್ತಿದ್ದ,” ಎಂದರು. ಆಮೇಲೆ, “ಇನ್ನೊಂದು ಸಲ ಹಾಕು,” ಎಂದರು. ಆ ತಿಂಗಳು ಮುಗಿಯುವುದರೊಳಗೆ ಯಾವ ಹಾಡಿನಲ್ಲಿ ಯಾವ ಹೊತ್ತಿಗೆ ಮಗನ ದನಿ ಬರುತ್ತದೆಂದು ಅವರಿಗೆ ಬಾಯಿಪಾಠವಾಗಿತ್ತು.

ತಿಪ್ಪೇಶ ಎಂಟನೆಯ ಹಾಡಿನ ಡ್ರಮ್ಮು ಮುಗಿಸಿದ. ಅವನದೂ ಒಂದು ಕತೆ ಇದೆ. ನಮ್ಮಜ್ಜ ಹೆಣದ ಮುಂದೆ ಹಲಗೆ ಬಡಿಯುತ್ತಿದ್ದವರು, ನಮ್ಮಪ್ಪ ಅದನ್ನು ಬಿಡಿಸಿದವರು. ತಿಪ್ಪೇಶ ಡ್ರಮ್ಮು ತಂದಾಗ ಅಪ್ಪ ನಾಲ್ಕು ದಿನ ಮಾತಾಡಿರಲಿಲ್ಲ. ಕೊಟ್ರನನ್ನು ಹೊತ್ತುಕೊಂಡು ಹೋಗುವಾಗ ತಿಪ್ಪೇಶ ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ನಡೆದ. ಎಂಟನೆಯ ಹಾಡಿನಲ್ಲಿ ಆ ಕೈಗಳನ್ನು ಹೊರತೆಗೆದ. ಅಷ್ಟು ನಿಧಾನವಾಗಿ, ಅಷ್ಟು ಗಟ್ಟಿಯಾಗಿ ಅವನು ಹಿಂದೆಂದೂ ಬಾರಿಸಿರಲಿಲ್ಲ. ಬಸವೇಶನದೂ ಮುಗಿಯಿತು. ಉಳಿದದ್ದು ನನ್ನ ಎರಡು ನಿಮಿಷ.

ನಾನು ಹಾಡಲಿಲ್ಲ. ಗಂಟಲು ಕೆರೆತ ಎಂದೆ. ಬೆಳೆ ಸಮೀಕ್ಷೆ ಎಂದೆ, ಪಿಂಚಣಿ ಅದಾಲತ್ ಎಂದೆ, ಸಾಹಿತ್ಯ ಹೊಳೆಯುತ್ತಿಲ್ಲ ಎಂದೆ. ಆಷಾಢ ಕಳೆದು ಶ್ರಾವಣ ಬಂತು, ಕುರ್ಚಿಗಳು ಮದುವೆಗೆ ಹೋದವು.

“ಅಕ್ಕಾ, ನಿನಗ ಏನಾಗೇತಿ? ಎರಡು ನಿಮಿಷದ ಕೆಲಸ,” ಎಂದು ತಿಪ್ಪೇಶ ರೇಗಿದ.

ಏನಾಗಿತ್ತೆಂದು ನನಗೆ ಗೊತ್ತಿತ್ತು, ಹೇಳಲು ನಾಚಿಕೆ. ಆಲ್ಬಮ್ಮು ಮುಗಿದರೆ ಅವನ ಆಸೆ ಮುಗಿಯುತ್ತದೆ, ಆಸೆ ಮುಗಿದರೆ ಅವನು ಹೊರಟುಹೋಗುತ್ತಾನೆ. ನನ್ನ ಎರಡು ನಿಮಿಷ ಬಾಕಿ ಇರುವವರೆಗೆ ಅವನು ಆ ಕುರ್ಚಿಗಳ ನಡುವೆ ಎಲ್ಲೋ ಕಾಯುತ್ತಿರಲೇಬೇಕು. ಬುದ್ಧನ ಫೋಟೊ ಕೆಳಗೆ ಊಟ ಮಾಡಿ ಬೆಳೆದವಳ ತಲೆಯಲ್ಲಿ ಇಂಥ ಲೆಕ್ಕ. ಅವನು ನನಗಾಗಿ ಇಳಿಯದಿದ್ದರೆ ಬೇಡ, ಹೋಗುವುದಕ್ಕಂತೂ ಬಿಡುವುದಿಲ್ಲ ಎಂಬ ಹಟ ನನಗಿತ್ತು.

ಕಾರ್ತಿಕ ಕಳೆದ ಮೇಲೆ ಒಂದು ಸೋಮವಾರ ಅನ್ನದಾನಮ್ಮನವರು ಬಸ್ಸು ಹಿಡಿದು ಕಾನಹೊಸಹಳ್ಳಿಯ ನನ್ನ ಕಚೇರಿಗೆ ಬಂದರು. ಮಗನ ಹೆಸರಿನಲ್ಲಿದ್ದ ಹೊಲವನ್ನು ತಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು ಎಂದರು. ಅರ್ಜಿ ಬರೆದುಕೊಟ್ಟೆ. ಮಗನ ಹೆಸರಿನ ಮುಂದೆ ಮರಣ ದಿನಾಂಕ ತುಂಬುವಾಗ ನನ್ನ ಪೆನ್ನು ನಿಂತಿತು. ಅವರು ಅದನ್ನು ನೋಡಿದರು. ಸಾಲಿನಲ್ಲಿದ್ದವರೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಎದ್ದು ಬಂದು ನನ್ನ ಮೇಜಿನ ಪಕ್ಕದಲ್ಲೇ ನಿಂತರು.

“ಅವತ್ತು ರುದ್ರಭೂಮಿ ಗೇಟಿನ ಹತ್ರ ನಿನ್ನ ತುಟಿ ಅಲುಗಾಡಿದ್ದು ನೋಡೀನಿ ನಾನು.”

ನಾನು ಪೆನ್ನಿನ ಮುಚ್ಚಳ ಹಾಕಿದೆ. “ಏನಿಲ್ರಿ ಅಮ್ಮ.”

“ಏನಂದಿ ಅಂತ ನಾ ಕೇಳಂಗಿಲ್ಲ. ಮನಸಿನಾಗ ಅಂದ್ರ ಕಾಗಿಗೆ ಹೆಂಗ ಕೇಳಬೇಕವ್ವಾ? ಅದಕ್ಕ ಬಾಯಿ ಬಿಟ್ಟು ಅನಬೇಕು. ಬಸವೇಶ ಬಾಯಿ ಬಿಟ್ಟ, ಅದು ಬಂತು. ನೀನೂ ಬಾಯಿ ಬಿಟ್ಟಿದ್ರ ಏನಾಕ್ಕಿತ್ತೋ, ಯಾರಿಗೆ ಗೊತ್ತು.”

ಇಷ್ಟು ಸಣ್ಣ ವಿಷಯ ನನಗೆ ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಕಲಿಸದ ಪಾಠ ಅದು. ಕಾಗೆಯ ಮುಂದೆ ಗಟ್ಟಿಯಾಗಿ ಹೇಳಬೇಕೆಂಬ ನಿಯಮ ಗೊತ್ತಿಲ್ಲದವಳು ಅರ್ಧ ವರ್ಷ ಕಾಗೆಯ ಮೇಲೂ ಸತ್ತವನ ಮೇಲೂ ಮುನಿಸಿಕೊಂಡಿದ್ದೆ. ಅಳು ಬಂತು. ಫೈಲು ಅಡ್ಡ ಹಿಡಿದುಕೊಂಡೆ.

“ನೀ ಯಾಕ ಹಾಡವಲ್ಲಿ ಅಂತನೂ ಗೊತ್ತೈತಿ,” ಎಂದರು ಅನ್ನದಾನಮ್ಮ. “ನನಗೇನು ಆತುರ ಐತಿ ಅನಕೊಂಡಿಯೇನು? ಅದು ಮುಗದ್ರ ಅವ ಹೋಗ್ತಾನ. ದಿನಾ ಬೀಗ ತಗದು ಆ ಕುರ್ಚಿ ನಡುವ ಕುಂದರ್ತೀನಿ, ಅವ ಅದಾನ ಅನಸ್ತೈತಿ. ಇನ್ನೊಂದು ವರ್ಷ ನೀ ಹಾಡ್ಲಿಲ್ಲಂದ್ರ ನನಗ ಒಳ್ಳೇದ. ಆದ್ರ ಮಾತು ಕೊಟ್ಟೀವವ್ವಾ. ಅವನ್ನ ಹಂಗ ನಿಂದರಿಸಬಾರ್ದು. ಕಾಲು ನೋಯ್ತಾವ.”

ಸತ್ತವನ ಕಾಲು ನೋಯುತ್ತದೆ ಎಂದು ಅವರು ಹೇಳಿದ್ದು ತೀರ ಸಹಜವಾಗಿತ್ತು. ಕೈಚೀಲದಿಂದ ಒಂದು ರೊಟ್ಟಿ ಗಂಟು ತೆಗೆದು ನನ್ನ ಮೇಜಿನ ಮೇಲಿಟ್ಟು, ಕೊಟ್ಟೂರಿನ ಬಸ್ಸಿಗೆ ಹೋದರು.

ಧನುರ್ಮಾಸ ಬಂತು. ಕುರ್ಚಿಗಳು ಗೋಡೌನಿಗೆ ಮರಳಿದವು. ಒಂದು ಶನಿವಾರ ಮಧ್ಯಾಹ್ನ ಮೈಕಿನ ಮುಂದೆ ನಿಂತೆ. ಕಿವಿಯೊಳಗೆ ಎಂಟನೆಯ ಹಾಡು ಶುರುವಾಯಿತು. ಕೊಟ್ರನ ಗಿಟಾರು, ತಿಪ್ಪೇಶನ ಏಟು, ಆಮೇಲೆ ಕೊಟ್ರನ ದನಿ. ಊರು ಬಿಟ್ಟುಹೋದ ಗಂಡ ಎಂಟನೆಯ ಜಾವದಲ್ಲಿ ಹೆಣವಾಗಿ ಹೊಸ್ತಿಲಿಗೆ ಬಂದು, ಇದ್ದೀಯಾ, ಇದ್ದೀಯಾ ಎಂದು ಕೇಳುತ್ತಾನೆ. ಹಿಂದೆ ನೂರು ಸಲ ಕೇಳಿದ್ದೆ. ಅವತ್ತು ಅವನು ನನ್ನನ್ನೇ ಕೇಳುತ್ತಿದ್ದ. ಕೊನೆಯ ಪ್ರಶ್ನೆ ಮುಗಿದು ಗಿಟಾರು ಮಾತ್ರ ಉಳಿಯಿತು. ನನ್ನ ಎರಡು ನಿಮಿಷ ಬಂತು.

ಬರೆದುಕೊಂಡು ಹೋಗಿದ್ದ ಚೀಟಿ ನೋಡಲಿಲ್ಲ. ದೀಪ ಆರಿಸಲೂ ಇಲ್ಲ, ಕಾಯುತ್ತೇನೆ ಎನ್ನಲೂ ಇಲ್ಲ. ಹೂಂ ಎಂದೆ. ಬಾಯಿ ಮುಚ್ಚಿದ ಹೂಂ ಅಲ್ಲ. ಉಸಿರು ಇರುವವರೆಗೆ ಎಳೆದು, ಉಸಿರು ತೆಗೆದುಕೊಂಡು ಮತ್ತೆ ಎಳೆದು, ಮೇಲಿನ ಸ್ವರಕ್ಕೆ ಏರಿಸಿ, ಅಲ್ಲಿಂದ ಮೆಲ್ಲಗೆ ಕೆಳಗಿಳಿಸಿ, ಗಿಟಾರು ನಿಲ್ಲುವವರೆಗೂ ಅದೊಂದೇ. ಮುಗಿದಾಗ ಕಿವಿಯಿಂದ ಹೆಡ್‌ಫೋನ್ ತೆಗೆದೆ.

“ಸಾಹಿತ್ಯ ಎಲ್ಲೈತಿ?” ಎಂದ ಬಸವೇಶ್.

“ಇಷ್ಟ ಅದು.”

ಅವನು ಅನ್ನದಾನಮ್ಮನವರ ಕಡೆ ನೋಡಿ ರೆಕಾರ್ಡಿಂಗ್ ಸೇವ್ ಮಾಡಿದ. ಅವರು ಕುರ್ಚಿಯಿಂದ ಎದ್ದು, ಮಗನ ಗಿಟಾರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಬೀಗ ಹುಡುಕತೊಡಗಿದರು. ಬೀಗ ಅವರ ಕೈಯಲ್ಲೇ ಇತ್ತು.

ಫೆಬ್ರವರಿಯಲ್ಲಿ ‘ಎಂಟು ಜಾವ’ ಇಂಟರ್ನೆಟ್ಟಿಗೆ ಹೋಯಿತು. ನಾನೂರು-ಐನೂರು ಜನ ಕೇಳಿರಬಹುದು, ಹೆಚ್ಚಿನವರು ಚಳಿದೇಶದವರು. ಒಬ್ಬ ಫಿನ್ಲೆಂಡಿನವನು, ಕೊನೆಯಲ್ಲಿ ಆ ಹೆಂಗಸು ಹೇಳುವುದು ಏನೆಂದು ಬರೆದು ಕೇಳಿದ. ಬಸವೇಶ್ ಅದನ್ನು ನನಗೆ ಕಳಿಸಿದ. ನಾನು ಉತ್ತರ ಬರೆಯಲಿಲ್ಲ. ಬೇರೊಂದು ಕಡೆ ಹೇಳುವುದಿತ್ತು.

ಜ್ಯೇಷ್ಠದಲ್ಲಿ ವರ್ಷದ ಎಡೆ. ಆ ದಿನಕ್ಕಾಗಿ ನಾನು ಎಷ್ಟು ತಯಾರಾಗಿದ್ದೆ ಅಂದರೆ, ಹಿಂದಿನ ದಿನ ಕೆಂಚನಾಳಿನ ಹುಣಸೆಮರದ ಕೆಳಗೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದೆ. ಕಾಗೆ ಬಾರದೆ ಕೂರಲಿ, ನೆಂಟರು ಸೋಲಲಿ, ಆಗ ನಾನು ಮುಂದೆ ಹೋಗಿ ಬಾಯಿ ಬಿಟ್ಟು ಹೇಳುತ್ತೇನೆ, ಆಗ ಅದು ಇಳಿಯುತ್ತದೆ. ಎಲ್ಲರೆದುರು ಇಳಿಯುತ್ತದೆ. ಇದು ನನ್ನ ಆಸೆ. ಈ ಸಲ ಗೇಟಿನ ಹತ್ತಿರ ನಿಲ್ಲಲಿಲ್ಲ. ನೆಂಟರ ನಡುವೆ ದಾರಿ ಮಾಡಿಕೊಂಡು ಗೋರಿಯ ತಲೆಯ ಬಳಿಗೇ ಹೋದೆ. ಇಬ್ಬರು ಹೆಂಗಸರು ಸರಿದು ನಿಂತರು.

ಅನ್ನದಾನಮ್ಮನವರು ಎಲೆ ಹಾಸಿದರು. ಮಂಡಕ್ಕಿ ಸುರಿದರು, ಮೆಣಸಿನಕಾಯಿ ಇಟ್ಟರು. ಹೋಳಿಗೆ ಇನ್ನೂ ಅವರ ಕೈಯಲ್ಲೇ ಇತ್ತು, ಚಹಾ ಈಗಷ್ಟೇ ಲೋಟಕ್ಕೆ ಬಿದ್ದಿತ್ತು, ಬೇವಿನ ಮರದಿಂದ ಕಾಗೆ ಇಳಿದು ಬಂತು. ಒಂದರ ಹಿಂದೆ ಇನ್ನೊಂದು, ಮತ್ತೊಂದು. ಯಾರೂ ಏನೂ ಕೇಳಿರಲಿಲ್ಲ, ಯಾರೂ ಮಾತು ಕೊಟ್ಟಿರಲಿಲ್ಲ.

“ನೋಡ್ರಿ, ಹುಡುಗ ತೃಪ್ತಿ ಆಗ್ಯಾನ,” ಎಂದರು ಹಾಲೇಶಪ್ಪ. ಎಲ್ಲರೂ ಕೈಮುಗಿದರು. ಕೆಲವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ನಾನು ನಿಂತಲ್ಲೇ ನಿಂತಿದ್ದೆ. ಮಾಡಬೇಕಾದದ್ದನ್ನು ನಾವು ಮಾಡಿ ಮುಗಿಸಿದ್ದೆವು. ಅವನಿಗೆ ಇನ್ನು ಏನೂ ಬೇಕಾಗಿರಲಿಲ್ಲ. ಆಸೆ ಉಳಿದದ್ದು ನನಗೆ, ಅದಕ್ಕೆ ಯಾವ ಕಾಗೆಯೂ ಇರಲಿಲ್ಲ. ಆದರೂ ಹೇಳಲೇಬೇಕೆಂದು ಬಂದಿದ್ದೆ. ಹೇಳಿದೆ.

“ಹೂಂ.”

ಗಟ್ಟಿಯಾಗಿಯೇ ಬಂತು. ಕಾಗೆಗಳು ತಲೆ ಎತ್ತಲಿಲ್ಲ. ಹಾಲೇಶಪ್ಪನವರು ತಿರುಗಿ ನೋಡಿದರು. ಹೆಂಗಸರೂ ನೋಡಿದರು.

“ಯಾಕವ್ವಾ, ಯಾರಿಗೆ ಹೂಂ ಅಂದಿ?”

ಅನ್ನದಾನಮ್ಮನವರು ಬಗ್ಗಿ, ಗೋರಿಯ ಮೇಲಿದ್ದ ಸ್ಟೀಲ್ ಲೋಟ ತೆಗೆದುಕೊಂಡು, ಅರ್ಧ ಚಹಾವನ್ನು ಮಣ್ಣಿಗೆ ಬಿಟ್ಟರು.

“ನನಗ ಅಂದಾಳ,” ಎಂದರು. “ಮನಿಗೆ ಊಟಕ್ಕ ಬರ್ತೀಯೇನು ಅಂತ ಕೇಳಿದ್ದೆ.”

ಅವರು ಕೇಳಿರಲಿಲ್ಲ. ಐದು ವರ್ಷದಲ್ಲಿ ನಾನು ಗೋಡೌನಿನಿಂದ ಅವರ ಮನೆಯ ಕಟ್ಟೆಯವರೆಗೆ ಹೋದದ್ದುಂಟು, ಹೊಸ್ತಿಲು ದಾಟಿದ್ದಿಲ್ಲ. ಉಳಿದ ಅರ್ಧ ಚಹಾ ಇದ್ದ ಲೋಟವನ್ನು ಅವರು ನನ್ನ ಕೈಗೆ ಕೊಟ್ಟರು.

“ಕುಡಿ. ಆರತೈತಿ.”

ನಾನು ಕುಡಿದೆ. ಆಮೇಲೆ ಲೋಟ ಹಿಡಿದುಕೊಂಡು ಅವರ ಹಿಂದೆ ಮನೆಗೆ ಹೋದೆ.